ಮಾತ್ರೆ ಮುಗಿದರೂ ಗಂಟಲು ಸರಿಹೋಗಿಲ್ಲ: ಇನ್ನೊಂದು ಕೋರ್ಸ್ ಬೇಕೇ?

ಗಂಟಲಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ 10 ದಿನ ಅಮಾಕ್ಸಿಸಿಲಿನ್ ಎಂಬ ಪ್ರತಿಜೀವಕ (ಆ್ಯಂಟಿಬಯಾಟಿಕ್) ಮುಗಿಸಿದ ಮೇಲೂ ಕೆರೆತ ಹೋಗಿಲ್ಲ, ದವಡೆಯ ಕೆಳಗಿನ ಗಂಟು ಇಳಿದಿಲ್ಲ, ಅದೇ ಮಾತ್ರೆಯನ್ನು ಇನ್ನೂ 5 ದಿನ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಆದರೆ ನೀವು ಈಗ ಮಾಡಹೊರಟಿರುವುದನ್ನು ಒಮ್ಮೆ ಮಾಡಿ ಅನುಭವಿಸಿದವನು.

ನನಗೆ ಜ್ವರ, ಉಗುಳು ನುಂಗುವಾಗಿನ ನೋವು ಎರಡೂ ಮೂರನೆಯ ದಿನಕ್ಕೇ ಇಳಿದಿದ್ದವು. ಉಳಿದದ್ದು ಬಲ ದವಡೆಯ ಕೆಳಗೆ ಕಡಲೆಕಾಳಿನಷ್ಟಿದ್ದ, ಒತ್ತಿದರೆ ಬೆರಳಿನಡಿ ಜಾರುತ್ತಿದ್ದ ಒಂದು ಗಂಟು. ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡುತ್ತಿದ್ದೆ. ಅದು ನೋಯುತ್ತಲೇ ಇದ್ದುದರಲ್ಲಿ ಆಶ್ಚರ್ಯವೇನಿಲ್ಲ. ಕೊನೆಗೆ ಹೆದರಿ, ವೈದ್ಯರ ಚೀಟಿಯಿಲ್ಲದೆ ಅಜಿತ್ರೊಮೈಸಿನ್ ಎಂಬ ಇನ್ನೊಂದು ಪ್ರತಿಜೀವಕ ತಂದು ನುಂಗಿದೆ. ಗಂಟು ಇದ್ದ ಹಾಗೆಯೇ ಇತ್ತು, ಜೊತೆಗೆ ಭೇದಿ ಶುರುವಾಯಿತು.

ಬಳಿಕ ಕಿವಿ-ಮೂಗು-ಗಂಟಲು ತಜ್ಞರು ಹೇಳಿದ್ದು ಇಷ್ಟು: ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು, ಅದರೊಡನೆ ಹೋರಾಡಿ ಊದಿಕೊಂಡ ದುಗ್ಧಗ್ರಂಥಿಯನ್ನು, ಅಂದರೆ ಆ ಗಂಟನ್ನು, ಕುಗ್ಗಿಸುವುದಿಲ್ಲ; ಅದು ತಾನಾಗಿ ಇಳಿಯಲು ಕೆಲವು ವಾರಗಳೇ ಹಿಡಿಯಬಹುದು. ನಾನೇ ಲ್ಯಾಬಿಗೆ ಹೋಗಿ ಮಾಡಿಸಿದ್ದ ಎಎಸ್‌ಒ ರಕ್ತಪರೀಕ್ಷೆಯ (ಸ್ಟ್ರೆಪ್ಟೊಕಾಕಸ್ ವಿರುದ್ಧ ದೇಹ ತಯಾರಿಸುವ ಒಂದು ಪ್ರತಿಕಾಯವನ್ನು ಅಳೆಯುವ ಪರೀಕ್ಷೆ) ವರದಿಯನ್ನು ಅವರು ಪಕ್ಕಕ್ಕೆ ಸರಿಸಿದರು. ಆ ಪ್ರತಿಕಾಯದ ಮಟ್ಟ ಸೋಂಕು ತಗುಲಿ ಮೂರರಿಂದ ಐದು ವಾರಗಳಿಗೆ ತುತ್ತತುದಿ ಮುಟ್ಟಿ, ತಿಂಗಳುಗಟ್ಟಲೆ ಏರಿಯೇ ಇರಬಹುದಾದ್ದರಿಂದ, ಸೋಂಕು ಬಂದುಹೋಗಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಬರೀ ಆ ಅಂಕಿಯನ್ನು ನೋಡಿ ಮಾತ್ರೆ ನುಂಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಔಷಧಿ ಆರಂಭಿಸಿ ಮೂರು ದಿನವಾದರೂ ಜ್ವರ, ನೋವು ಸ್ವಲ್ಪವೂ ತಗ್ಗದಿದ್ದರೆ ಮಾತು ಬೇರೆ. ಆಗ ಕಾಯಿಲೆ ವೈರಸ್ಸಿನದೇ ಇರಬಹುದು, ಮೊದಲು ಪತ್ತೆಯಾದ ಸ್ಟ್ರೆಪ್ಟೊಕಾಕಸ್ ಗಂಟಲಿನಲ್ಲಿ ಸುಮ್ಮನೆ ಬೀಡುಬಿಟ್ಟಿದ್ದಿರಬಹುದು. ಅದು ಗಂಟಲುನೋವು, ಜ್ವರ ತರುವ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಆಗಿದ್ದರೆ ಅಮಾಕ್ಸಿಸಿಲಿನ್ ತೆಗೆದುಕೊಂಡವರಿಗೆ ಮೈತುಂಬ ಕೆಂಪು ಗುಳ್ಳೆ ಏಳುವುದೂ ಉಂಟು.

ಬಾಯಿ ತೆರೆಯಲಾಗದಿದ್ದರೆ, ಒಂದೇ ಪಕ್ಕದಲ್ಲಿ ನೋವು ಹೆಚ್ಚುತ್ತಿದ್ದರೆ, ಉಸಿರಾಟ ಕಷ್ಟವಾದರೆ ಅಥವಾ ಜೊಲ್ಲು ನುಂಗಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಟಾನ್ಸಿಲ್ ಪಕ್ಕ ಕೀವು ತುಂಬಿರಬಹುದು. ಒಂದೆರಡು ವಾರಗಳ ನಂತರ ಮೊಣಕಾಲಿನಿಂದ ಹಿಮ್ಮಡಿಯ ಕೀಲಿಗೆ ಹೀಗೆ ಸುತ್ತಾಡುವ ನೋವು, ಮುಖದ ಊತ, ಕಪ್ಪು ಚಹಾದ ಬಣ್ಣದ ಮೂತ್ರ ಕಂಡರೂ ತಡಮಾಡಬೇಡಿ: ಮೊದಲನೆಯದು ಹೃದಯದ ಕವಾಟಗಳಿಗೆ ಹಾನಿ ಮಾಡಬಲ್ಲ ಸಂಧಿವಾತ ಜ್ವರದ ಲಕ್ಷಣವಿರಬಹುದು, ಉಳಿದೆರಡು ಮೂತ್ರಪಿಂಡದ ತೊಂದರೆಯವು.

ಇವು ಯಾವುವೂ ಇಲ್ಲದಿದ್ದರೆ ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುತ್ತ ಕಾಯಿರಿ, ಗಂಟನ್ನು ವಾರಕ್ಕೊಮ್ಮೆ ಮಾತ್ರ ಮುಟ್ಟಿ ನೋಡಿ. ತಿಂಗಳಾದರೂ ಕುಗ್ಗದೆ ಗಟ್ಟಿಯಾಗಿ ಕೂತಿದ್ದರೆ ವೈದ್ಯರಿಗೆ ತೋರಿಸಿ, ಹೋಗುವಾಗ ಖಾಲಿಯಾದ ಮಾತ್ರೆಪಟ್ಟಿಯನ್ನೂ ಒಯ್ಯಿರಿ.