ಒಡಿಸ್ಸಿ ಆಟದ ಹೆರೊಡೋಟಸ್ ಎಷ್ಟು ನಿಜ?

‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಎಂಬ ವಿಡಿಯೊ ಆಟದಲ್ಲಿ ನಾಯಕಿಯ ಹಡಗನ್ನೇರಿ ಜೊತೆಗೆ ಬರುವ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ನಿಜವಾಗಿ ಬದುಕಿದ್ದವನೇ, ಆಟವು ಅವನನ್ನು ಎಷ್ಟರಮಟ್ಟಿಗೆ ಸರಿಯಾಗಿ ತೋರಿಸಿದೆ ಎಂದು ಕೇಳಿದ್ದೀರಿ. ನಾನು ಮೊದಲು ಆಟ ಮುಗಿಸಿ, ಅದರ ಕುತೂಹಲದಿಂದಲೇ ಗ್ರೀಕ್–ಪರ್ಷಿಯನ್ ಯುದ್ಧಗಳ ಕುರಿತ ಅವನ ಗ್ರಂಥವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದವನು. ಆದ್ದರಿಂದ ಇಬ್ಬರು ಹೆರೊಡೋಟಸರನ್ನೂ ಅಕ್ಕಪಕ್ಕದಲ್ಲಿಟ್ಟು ಉತ್ತರಿಸುತ್ತೇನೆ.

ನಿಜವಾದ ಹೆರೊಡೋಟಸನು ಸುಮಾರು ಕ್ರಿ.ಪೂ. 484ರಲ್ಲಿ, ಈಗ ಟರ್ಕಿಯಲ್ಲಿ ಬೋದ್ರುಮ್ ಎಂದು ಕರೆಯಲಾಗುವ ಹ್ಯಾಲಿಕಾರ್ನಾಸಸ್ ನಗರದಲ್ಲಿ ಹುಟ್ಟಿದನು. ಆಟದ ಕಥೆ ಕ್ರಿ.ಪೂ. 431ರಲ್ಲಿ, ಅಥೆನ್ಸ್–ಸ್ಪಾರ್ಟಾ ಯುದ್ಧದ ಆರಂಭದಲ್ಲಿ ತೊಡಗುವುದರಿಂದ ಆಗ ಅವನಿಗೆ ಐವತ್ತು ದಾಟಿರಬೇಕು. ಈ ಲೆಕ್ಕ ಸರಿಯಾಗಿಯೇ ಇದೆ: ಆ ವರ್ಷ ಥೀಬ್ಸ್‌ನವರು ಪ್ಲಾಟಿಯಾ ನಗರದ ಮೇಲೆ ನಡೆಸಿದ ದಾಳಿಯನ್ನು ಅವನೇ ತನ್ನ ಗ್ರಂಥದಲ್ಲಿ ಪ್ರಸ್ತಾಪಿಸುತ್ತಾನೆ. ಆಟದಲ್ಲಿ ಅಥೆನ್ಸಿನ ಮುಖಂಡ ಪೆರಿಕ್ಲೀಸನ ಮನೆಯ ಔತಣದಲ್ಲಿ ಕಾಣಿಸಿಕೊಳ್ಳುವ ನಾಟಕಕಾರ ಸೋಫೋಕ್ಲೀಸನು ಹೆರೊಡೋಟಸನಿಗಾಗಿ ಒಂದು ಕವಿತೆ ಬರೆದಿದ್ದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುತ್ತಾನೆ. ಗಂಡನೂ ಮಕ್ಕಳೂ ಮತ್ತೆ ದೊರೆತಾರು, ಆದರೆ ತಂದೆತಾಯಿ ಗತಿಸಿದ ಮೇಲೆ ಒಡಹುಟ್ಟಿದವನು ಮತ್ತೆ ದೊರೆಯನು ಎಂದು ಪರ್ಷಿಯಾದ ಹೆಂಗಸೊಬ್ಬಳು ಹೇಳುವ ಮಾತು ಹೆರೊಡೋಟಸನಲ್ಲಿದೆ. ಸೋಫೋಕ್ಲೀಸನ ‘ಆಂಟಿಗೊನೆ’ ನಾಟಕದ ನಾಯಕಿಯ ಬಾಯಲ್ಲಿಯೂ ಹೆಚ್ಚುಕಡಿಮೆ ಅದೇ ವಾದ ಬರುತ್ತದೆ.

ಆಟದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಪರ್ಷಿಯನ್ನರ ದಂಡನ್ನು ಗ್ರೀಕರು ಎದುರಿಸಿದ ಥರ್ಮೋಪಿಲೆ ಕಣಿವೆಯ ದೃಶ್ಯ. ಹೆರೊಡೋಟಸನು ನಾಯಕಿಯನ್ನು ಅಲ್ಲಿನ ಸಿಂಹದ ಪ್ರತಿಮೆಯ ಬಳಿಗೆ ಕರೆದೊಯ್ಯುತ್ತಾನೆ. ಸ್ಪಾರ್ಟಾದ ದೊರೆ ಲೆಯೋನಿಡಾಸನ ನೆನಪಿಗಾಗಿ ಕಣಿವೆಯ ಬಾಯಲ್ಲಿರುವ ದಿಬ್ಬದ ಮೇಲೆ ಕಲ್ಲಿನ ಸಿಂಹ ನಿಂತಿದೆ ಎಂಬುದು ಗ್ರಂಥದ ಏಳನೆಯ ಭಾಗದಲ್ಲಿಯೇ ಇರುವ ಮಾತು. ಅಲ್ಲಿ ಹೋರಾಡಿದ ಮುನ್ನೂರು ಸ್ಪಾರ್ಟನ್ನರ ಹೆಸರುಗಳನ್ನೂ ತಾನು ಕೇಳಿ ತಿಳಿದುಕೊಂಡಿರುವುದಾಗಿ ಅವನು ಬರೆದಿದ್ದಾನೆ. ಆಟದಲ್ಲಿ ನಾಯಕಿಯ ಕೈಯಲ್ಲಿರುವ ಲೆಯೋನಿಡಾಸನ ಈಟಿಗಿರುವ ಅದ್ಭುತ ಶಕ್ತಿ ಮಾತ್ರ ಆಟದವರ ಕಲ್ಪನೆ.

ನನ್ನ ತಕರಾರು ಇರುವುದೂ ಅದೇ ಈಟಿಯ ಬಗ್ಗೆ. ಆಟದಲ್ಲಿ ಅದನ್ನು ಹಿಡಿದು ನಿಂತರೆ ಸಾಕು, ಹಳೆಯ ಯುದ್ಧ ಕಣ್ಣೆದುರು ಮೂಡುತ್ತದೆ. ಆ ಯುದ್ಧ ನಡೆದ ಕ್ರಿ.ಪೂ. 480ರಲ್ಲಿ ಇನ್ನೂ ಎಳೆಯ ಮಗುವಾಗಿದ್ದ ನಿಜವಾದ ಹೆರೊಡೋಟಸನಿಗೆ ಅದನ್ನು ಕಣ್ಣಾರೆ ಕಂಡವರನ್ನು ಕೇಳುವುದರ ಹೊರತು ಬೇರೆ ದಾರಿಯಿರಲಿಲ್ಲ. ಅದರ ಮರುವರ್ಷ ಗ್ರೀಕರಿಗೂ ಪರ್ಷಿಯನ್ನರಿಗೂ ನಡೆದ ಪ್ಲಾಟಿಯಾ ಯುದ್ಧಕ್ಕೆ ಮುಂಚೆ ಪರ್ಷಿಯನ್ನರೊಡನೆ ಊಟಕ್ಕೆ ಕುಳಿತಿದ್ದ ಥೆರ್ಸಾಂಡರ್ ಎಂಬವನು ಹೇಳಿದ್ದನ್ನು ಅವನ ಬಾಯಿಂದಲೇ ಕೇಳಿದೆನೆಂದು ಹೆಸರು ಸಮೇತ ದಾಖಲಿಸುತ್ತಾನೆ. ಒಂದೇ ಘಟನೆಗೆ ಎರಡು ಮೂರು ಕಥೆಗಳಿದ್ದರೆ ಎಲ್ಲವನ್ನೂ ಕೊಡುತ್ತಾನೆ. ಜನ ಹೇಳಿದ್ದನ್ನು ಹೇಳುವುದು ತನ್ನ ಹೊಣೆಯೇ ಹೊರತು ನಂಬಬೇಕಾದ ಕಟ್ಟುಪಾಡು ತನಗಿಲ್ಲವೆಂದು ಸ್ಪಷ್ಟವಾಗಿ ಬರೆಯುತ್ತಾನೆ. ‘ಹಿಸ್ಟೊರಿಯೆ’ ಎಂದು ಅವನು ಬಳಸಿದ ಪದದ ಅರ್ಥವೇ ವಿಚಾರಣೆ.

ಹೀಗೆ ಕೇಳಿ ಬರೆದುದರಿಂದ ಅವನು ಎಡವಿದ್ದೂ ಉಂಟು. ಗ್ರೀಸಿನ ಮೇಲೆ ದಂಡೆತ್ತಿ ಬಂದ ಪರ್ಷಿಯಾದ ದೊರೆ ಕ್ಸೆರ್ಕ್ಸೀಸನ ದಂಡಿನಲ್ಲಿ ಪರಿಚಾರಕರೂ ಸೇರಿ 50 ಲಕ್ಷಕ್ಕೂ ಮಿಕ್ಕಿ ಜನರಿದ್ದರೆಂಬ ಅವನ ಲೆಕ್ಕವನ್ನು ಇಂದು ಯಾವ ಇತಿಹಾಸಕಾರನೂ ಒಪ್ಪುವುದಿಲ್ಲ. ಭಾರತದಲ್ಲಿ ನಾಯಿಗಿಂತ ಚಿಕ್ಕದಾದ, ನರಿಗಿಂತ ದೊಡ್ಡದಾದ ಇರುವೆಗಳು ಚಿನ್ನದ ಮರಳನ್ನು ಮೇಲಕ್ಕೆ ತೋಡಿ ಹಾಕುತ್ತವೆ ಎಂದೂ ಅವನು ಬರೆದಿದ್ದಾನೆ. ಅದೇ ಪುಟಗಳ ಆಸುಪಾಸಿನಲ್ಲಿ, ಭಾರತದ ಕಾಡುಮರಗಳು ಕುರಿಯದಕ್ಕಿಂತ ಸೊಗಸಾದ ಉಣ್ಣೆಯನ್ನು ಬಿಡುತ್ತವೆ, ಅಲ್ಲಿಯವರು ಅದರ ಬಟ್ಟೆ ಉಡುತ್ತಾರೆ ಎಂದಿದೆ. ಅದು ನಮ್ಮ ಹತ್ತಿಯೇ ಎಂದು ಗುರುತಿಸಿದಾಗ ನನಗೆ ನಗುವೂ ಬಂತು, ಅವನ ಮೇಲಿನ ಗೌರವವೂ ಹೆಚ್ಚಿತು. ಅವನನ್ನು ಇತಿಹಾಸದ ಪಿತಾಮಹನೆಂದು ಕರೆದ ರೋಮಿನ ವಾಗ್ಮಿ ಸಿಸೆರೊ ಕೂಡ ಅದೇ ಉಸಿರಿನಲ್ಲಿ ಅವನಲ್ಲಿ ಕಟ್ಟುಕಥೆಗಳು ಲೆಕ್ಕವಿಲ್ಲದಷ್ಟಿವೆ ಎಂದಿದ್ದಾನೆ.

ಇನ್ನು ಆಟದಲ್ಲಿ ಇಂದಿನ ಕಾಲದಲ್ಲಿ ನಡೆಯುವ ಭಾಗದ ನಾಯಕಿ ಲೈಲಾ ಹಸನ್‌ಳ ಕೈಗೆ ಸಿಗುವ, ಹೆರೊಡೋಟಸನ ಕಳೆದುಹೋದ ಪುಸ್ತಕ. ಅಂಥ ಪುಸ್ತಕ ಯಾರಿಗೂ ಸಿಕ್ಕಿಲ್ಲ. ಆದರೆ ಅಸ್ಸೀರಿಯಾದ ವೃತ್ತಾಂತವನ್ನು ಬೇರೆಯಾಗಿ ಹೇಳುವೆನೆಂದು ಅವನು ಮೊದಲ ಭಾಗದಲ್ಲಿ ಮಾತು ಕೊಡುತ್ತಾನೆ, ಇಂದು ನಮಗೆ ದೊರೆತಿರುವ ಒಂಬತ್ತು ಭಾಗಗಳಲ್ಲಿ ಎಲ್ಲಿಯೂ ಆ ವೃತ್ತಾಂತವಿಲ್ಲ. ಅವನು ಅದನ್ನು ಬರೆಯಲೇ ಇಲ್ಲವೋ, ಬರೆದದ್ದು ನಾಶವಾಯಿತೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಗ್ರಂಥವನ್ನು ಓದುವ ಮನಸ್ಸಿದ್ದರೆ ಏಳನೆಯ ಭಾಗದಿಂದ ತೊಡಗಿರಿ. ಆಟದಲ್ಲಿ ನೀವು ಕಂಡ ಕಣಿವೆ ಅಲ್ಲಿಯೇ ಸಿಗುತ್ತದೆ.