ಕುತ್ತಿಗೆಯ ಪೈಪಿನಲ್ಲಿ ಅಪ್ಪನ ಊಟ

ಪ್ರಶ್ನೆ: ಅಪ್ಪನಿಗೆ 62 ವರ್ಷ. ಕರುಳಿನ ಆಪರೇಷನ್ ಆಗಿ ಒಂಬತ್ತು ದಿನ. ಒಳಗೆ ಹೊಲಿಗೆ ಸೋರುತ್ತಿದೆ, ಬಾಯಿಗೆ ಏನೂ ಕೊಡಬೇಡಿ ಎಂದಿದ್ದಾರೆ. ಕುತ್ತಿಗೆಗೆ ಪೈಪ್ ಹಾಕಿ ಹಾಲಿನಂಥ ಬ್ಯಾಗ್ ಏರಿಸುತ್ತಿದ್ದಾರೆ. ತುಂಬಾ ದುಬಾರಿ. ಗ್ಲೂಕೋಸ್ ಬಾಟಲಿ ಸಾಲುವುದಿಲ್ಲವೇ? ಎರಡು ಚಮಚ ಗಂಜಿ ಕೊಟ್ಟರೆ ತಪ್ಪೇ?
– ಓದುಗರು, ತಿಪಟೂರು

ಉತ್ತರ: ಅಪ್ಪ ಏನೂ ತಿನ್ನದೆ ಮಲಗಿರುವಾಗ ನಿಮ್ಮ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಅಲ್ವಾ? ಸರ್ಜರಿ ವಾರ್ಡಿನಲ್ಲಿ 26 ವರ್ಷ ಸಿಸ್ಟರ್ ಆಗಿದ್ದೆ. ಈ ಪ್ರಶ್ನೆಯನ್ನು ಎಷ್ಟೋ ಮಕ್ಕಳು ಕಣ್ಣೀರು ಹಾಕಿಕೊಂಡು ಕೇಳಿದ್ದಾರೆ. ಅಪ್ಪ ಈಗ ಉಪವಾಸ ಇಲ್ಲ. ಆ ಬ್ಯಾಗೇ ಅವರ ಊಟ.

ಗ್ಲೂಕೋಸ್ ಬಾಟಲಿ ಊಟ ಅಲ್ಲ. ಅರ್ಧ ಲೀಟರಿನ 5 ಪರ್ಸೆಂಟ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು 85 ಕ್ಯಾಲೊರಿ. ದಿನಕ್ಕೆ ನಾಲ್ಕು ಏರಿಸಿದರೂ 340. 60 ಕೆಜಿ ತೂಕದವರಿಗೆ 1500ರಿಂದ 1800 ಬೇಕು. ಉಳಿದದ್ದಕ್ಕೆ ದೇಹ ತನ್ನ ಕೊಬ್ಬು, ಮಾಂಸಖಂಡವನ್ನೇ ಕರಗಿಸುತ್ತದೆ. ಹಾಗಾದರೆ ಗಾಯ ಮಾಯುವುದು ಹೇಗೆ?

ಸಿಸ್ಟರ್ ಹೊಸ ಬ್ಯಾಗ್ ತೆಗೆಯುವಾಗ ಒಮ್ಮೆ ನೋಡಿ. ಸಾಮಾನ್ಯವಾಗಿ ಒಳಗೆ ಮೂರು ಭಾಗ ಇರುತ್ತದೆ: ಗ್ಲೂಕೋಸ್, ಅಮೈನೋ ಆಸಿಡ್ (ಅಂದರೆ ಪ್ರೋಟೀನಿನ ಅಂಶ), ಬಿಳಿ ಕೊಬ್ಬು. ಚಾಪೆ ಸುತ್ತಿದ ಹಾಗೆ ಮೇಲಿನಿಂದ ಒತ್ತಿ ಸುತ್ತಿದರೆ ನಡುವಿನ ಸೀಲ್ ಬಿಚ್ಚುತ್ತದೆ. ಬಿಳಿ ನುಗ್ಗಿ ಬಂದು ಎಲ್ಲ ಹಾಲಿನ ಬಣ್ಣ ಆಗುತ್ತದೆ. ಅನ್ನ, ಬೇಳೆ, ತುಪ್ಪ ಕಲಸಿದ ಹಾಗೆ ಅಂತ ಮನೆಯವರಿಗೆ ಹೇಳುತ್ತಿದ್ದೆ. ಆ ಕೊಬ್ಬಿನಲ್ಲಿ ಸೋಯಾ ಎಣ್ಣೆ, ಮೊಟ್ಟೆಯ ಅಂಶ ಇರುವುದು ಜಾಸ್ತಿ. ಅಪ್ಪನಿಗೆ ಇವುಗಳ ಅಲರ್ಜಿ ಇದ್ದರೆ ಈಗಲೇ ಡಾಕ್ಟರಿಗೆ ಹೇಳಿ.

ಈ ದ್ರವ ಬಹಳ ಗಟ್ಟಿ. ಕೈಯ ಸಣ್ಣ ನರಕ್ಕೆ ಬಿಟ್ಟರೆ ಉರಿದು ಊದಿಕೊಳ್ಳುತ್ತದೆ. ಕುತ್ತಿಗೆಯ ಪೈಪಿನ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿರುತ್ತದೆ. ಅಲ್ಲಿ ರಕ್ತ ಜೋರಾಗಿ ಹರಿಯುವುದರಿಂದ ತಕ್ಷಣ ಬೆರೆತುಹೋಗುತ್ತದೆ.

ನನಗೆ ಯಾವಾಗಲೂ ಭಯ ಇದ್ದದ್ದು ಆ ಪೈಪಿನ ಸೋಂಕಿನದ್ದೇ. ಒಬ್ಬ ಅಜ್ಜನಿಗೆ ಮೈ ಒರೆಸುವಾಗ ಕುತ್ತಿಗೆಯ ಪ್ಲಾಸ್ಟರ್ ಒದ್ದೆಯಾಗಿ ಅಂಚು ಬಿಟ್ಟುಕೊಂಡಿತ್ತು. ಮನೆಯವರು ಸುಮ್ನೆ ಒತ್ತಿ ಅಂಟಿಸಿದ್ದರು. ಮಾರನೇ ರಾತ್ರಿ ಮಂಚ ಅಲುಗುವಷ್ಟು ಚಳಿ ಜ್ವರ. ಪೈಪ್ ತೆಗೆಯಬೇಕಾಯಿತು. ಹಾಗಾಗಿ ಪ್ಲಾಸ್ಟರ್ ಎದ್ದರೆ, ಒದ್ದೆಯಾದರೆ, ನಡುಕ ಬಂದರೆ ಅರ್ಧ ರಾತ್ರಿಯಾದರೂ ಸಿಸ್ಟರನ್ನು ಕರೆಯಿರಿ. ಮುಟ್ಟುವ ಮುಂಚೆ ಅವರು ಕೈ ತೊಳೆದಿದ್ದಾರಾ ಅಂತ ಕೇಳಿ, ಸಂಕೋಚ ಬೇಡ. ಪದೇ ಪದೇ ಬೆರಳು ಚುಚ್ಚಿ ಶುಗರ್ ನೋಡಿದರೆ ಬೇಸರ ಮಾಡಿಕೊಳ್ಳಬೇಡಿ. ಡ್ರಿಪ್ಪಿನ ವೇಗವನ್ನು ಮಾತ್ರ ನೀವು ಮುಟ್ಟಲೇಬೇಡಿ.

ಗಂಜಿ ಖಂಡಿತ ಬೇಡ. ಎರಡು ಚಮಚವೂ ಸೋರುವ ಜಾಗಕ್ಕೇ ಹೋಗುತ್ತದೆ. ಬಾಯಿ ಒಣಗಿದರೆ ಒದ್ದೆ ಹತ್ತಿಯಿಂದ ತುಟಿ ಒರೆಸಿ.

ಖರ್ಚಿನ ಚಿಂತೆ ನನಗೆ ಅರ್ಥವಾಗುತ್ತದೆ. ನಾಳೆ ರೌಂಡ್ಸಿಗೆ ಬಂದಾಗ ಡಾಕ್ಟರನ್ನು ಹೀಗೆ ಕೇಳಿ: "ಸೋರುವ ಜಾಗ ದಾಟಿ ಟ್ಯೂಬ್ ಹಾಕಿ ಕರುಳಿಗೇ ಊಟ ಕೊಡಲು ಆಗುತ್ತದಾ, ಯಾವಾಗ?" ಕರುಳು ಕೆಲಸ ಮಾಡುವುದಾದರೆ ಅದೇ ಒಳ್ಳೆಯದು, ಖರ್ಚೂ ಕಡಿಮೆ. ಅದು ಒಗ್ಗಿದ ಮೇಲೆ ಬ್ಯಾಗನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಗಂಜಿ ತಿಳಿಯ ಸರದಿ ಆಮೇಲೆ.