ಕೆಲಸ ಬಿಡುವ ಮೊದಲು ಒಂದು ಕಾಫಿ

ವೈಟ್‌ಫೀಲ್ಡ್ ಆಫೀಸಿನಲ್ಲಿ ಮೂರು ವರ್ಷವಾದರೂ ಆಪ್ತರಿಲ್ಲ, ಕೋಡ್ ಬರೆಯುವುದರಲ್ಲಿ ಅರ್ಥವೇ ಕಾಣುತ್ತಿಲ್ಲ, ಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ. ನನಗೂ ಹಾಗೇ ಆಗಿತ್ತು.

2023ರಲ್ಲಿ ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಶುರುವಾಯಿತಲ್ವಾ, ಆಗ ಕ್ಯಾಬ್ ಬಿಟ್ಟೆ. ವಿಜಯನಗರದಲ್ಲಿ ನಾವು ಬರೆದ ಕೋಡ್ ಪರೀಕ್ಷಿಸುವ ಟೆಸ್ಟಿಂಗ್ ಟೀಮಿನ ಹಿರಿಯರೊಬ್ಬರು ದಿನಾ ಹತ್ತುತ್ತಿದ್ದರು. ಸುಮ್ನೆ ತಲೆಯಾಡಿಸುತ್ತಿದ್ದೆವು, ಅಷ್ಟೇ. ಒಂದು ದಿನ ಇಯರ್‌ಫೋನ್ ತೆಗೆದು, ‘ನಿನ್ನೆ ನಾನು ಕಳಿಸಿದ ಕೋಡ್‌ನಿಂದ ತೊಂದರೆ ಆಯ್ತಾ ಸರ್?’ ಎಂದೆ. ರಾತ್ರಿ ಹನ್ನೊಂದರವರೆಗೆ ಕೂತಿದ್ದರಂತೆ! ನನ್ನ ಕೆಲಸ ಯಾರ ಕೈಗೆ ಹೋಗುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಆಮೇಲೆ ಪ್ರತಿ ಸಲವೂ ಎರಡು ಸಾಲು ವಿವರಣೆ ಬರೆದು ಕಳಿಸತೊಡಗಿದೆ. ಈಗ ಅವರ ಮಗಳ ಮದುವೆಗೆ ಓಡಾಡುವಷ್ಟು ಹತ್ತಿರವಾಗಿದ್ದೇವೆ.

ನಿಮ್ಮ ಕೆಲಸ ಮುಂದೆ ಯಾರಿಗೆ ಹೋಗುತ್ತದೋ ಅವರನ್ನು ಈ ವಾರವೇ ಕಾಫಿಗೆ ಕರೆಯಿರಿ. ಮ್ಯಾನೇಜರ್ ಕಾಟವೂ ಇದ್ದರೆ ಅದು ಬೇರೆ ವಿಷಯ, ಬರೆಯಿರಿ.